ಆ ಹೆಸರಿನವರು ಇಲ್ಲಿಲ್ಲ

ಮುಂಬಯಿಯ ಕಾಂದಿವಲಿಯ ನಮ್ಮ ಚಾಳಿನಲ್ಲಿ ಖೋಲಿ ಮಾರಾಟವಾದರೂ ಕರೆಂಟು ಮೀಟರಿನ ಹೆಸರು ಬದಲಾಗುವುದಿಲ್ಲ. ಬಿಲ್ಲು ಹಳೆಯ ಮಾಲೀಕನ ಹೆಸರಿಗೇ ಬರುತ್ತದೆ, ನಾವು ಕಟ್ಟುತ್ತೇವೆ. ನಮಗೆ ಖೋಲಿ ಮಾರಿದವನು ಊರೆಲ್ಲ ಸಾಲ ಮಾಡಿ ಹೋದ ಮನುಷ್ಯ. ಅವನ ಹೆಸರಿಗೆ ಬ್ಯಾಂಕು, ಕೋರ್ಟುಗಳಿಂದ ರಿಜಿಸ್ಟರ್ಡ್ ಕಾಗದಗಳು ಬರುತ್ತಲೇ ಇದ್ದವು. ಯಾರು ಕಳಿಸಿದ್ದೆಂದೂ ನೋಡದೆ, ಒಡೆಯದೆ, ಲಕೋಟೆಯ ಮೇಲೆ 'ಈ ಹೆಸರಿನವರು ಇಲ್ಲಿ ಇಲ್ಲ' ಎಂದು ಮರಾಠಿಯಲ್ಲಿ ಬರೆದು ಪೋಸ್ಟ್‌ಮನ್‌ಗೆ ವಾಪಸು ಕೊಡುವುದು ನನ್ನ ಕೆಲಸ. ಅಕ್ಷರ ಚೆನ್ನಾಗಿದೆ ಎಂದು ಅವನೂ ಹೇಳಿದ್ದ.

ಅಮ್ಮಿ ಮನೆಯಲ್ಲೇ ಮೋಟಾರು ಮೆಷಿನ್ ಇಟ್ಟುಕೊಂಡು ಶಾಲೆಯ ಯೂನಿಫಾರ್ಮಿನ ಕಾಲರ್ ಹೊಲಿಯುತ್ತಾಳೆ. ಕೆಲಸ ಬಾರದ ಮೂರು ತಿಂಗಳು ಬಿಲ್ಲು ಹಾಗೇ ಉಳಿಯಿತು. ಅಷ್ಟರಲ್ಲಿ ದೊಡ್ಡದೊಂದು ಲಾಟು ಸಿಕ್ಕಿತು, ಶುಕ್ರವಾರದೊಳಗೆ ಮುಗಿಸಬೇಕು. ಇದು ಸರಿಯಾಗಿ ಹೋದರೆ ವರ್ಷವಿಡೀ ಕೆಲಸ ಕೊಡುವುದಾಗಿ ಗುತ್ತಿಗೆದಾರ ಹೇಳಿದ್ದ. ಅದಕ್ಕೇ ಕರೆಂಟು ಆಫೀಸಿಗೆ ಹೋಗಿ ಕಂತು ಕೇಳಿ ಬರುತ್ತೇನೆಂದು ಅವಳು ಬುರ್ಖಾ ಹಾಕಿಕೊಂಡು ಹೊರಟಿದ್ದಳು. ತಡೆದವನು ನಾನು.

ಫೋನಿನಲ್ಲಿ ವಿದ್ಯುತ್ ಕಾಯ್ದೆ ಇಳಿಸಿಕೊಂಡು ಓದಿದ್ದೆ. ಐವತ್ತಾರನೇ ಕಲಮು ಬಾಯಿಪಾಠ. ಹದಿನೈದು ದಿನ ಮೊದಲು ಲಿಖಿತ ನೋಟಿಸು ಕೊಡದೆ ಕರೆಂಟು ಕತ್ತರಿಸುವಂತಿಲ್ಲ. ನಮಗೆ ನೋಟಿಸೇ ಬಂದಿಲ್ಲ, ಅವರಿಗೆ ಹೆದರುವುದೇನು ಎಂದು ಪಾಠ ಹೇಳಿದೆ. ಅಮ್ಮಿ ಬುರ್ಖಾ ತೆಗೆದು ಮತ್ತೆ ಮೆಷಿನ್ನಿಗೆ ಕೂತಳು.

ಮಂಗಳವಾರ ಮಧ್ಯಾಹ್ನ ಲೈನ್‌ಮನ್ ಬಂದ. ಮೀಟರ್ ಪೆಟ್ಟಿಗೆಯ ಎದುರು ಅಡ್ಡ ನಿಂತು ಫೋನಿನಿಂದ ಕಲಮು ಓದಿದೆ. ನೋಟಿಸು ಹೋಗಿದೆ, ಆಫೀಸಿನಲ್ಲಿ ಕೇಳು ಎಂದು ನನ್ನನ್ನು ಭುಜದಿಂದ ಸರಿಸಿ ಫ್ಯೂಸ್ ಕಿತ್ತುಕೊಂಡು ಹೋದ. ಇಡೀ ಚಾಳು ನೋಡುತ್ತಿತ್ತು. ಪಕ್ಕದ ಖೋಲಿಯ ಉಡುಪಿಯವರು ಬಾಗಿಲಲ್ಲೇ ನಿಂತು, "ವಕೀಲರದ್ದು ವಾದ ಮುಗೀತಾ?" ಎಂದರು. ಅವರ ಮುಖ ನೋಡಲು ಈಗಲೂ ನನಗೆ ಮನಸ್ಸಿಲ್ಲ. ಆದರೂ ಅವರ ಮೀಟರಿನಿಂದ ವೈರು ಎಳೆಯೋಣವೇ ಎಂದು ಅಮ್ಮಿ ಕೇಳಿದಳು. ಅದು ಇಬ್ಬರ ಮೇಲೂ ಕೇಸಾಗುವ ಕೆಲಸ ಎಂದೆ. ಆ ವಾರ ನಾನು ಸರಿಯಾಗಿ ಹೇಳಿದ ಕಾಯ್ದೆ ಅದೊಂದೇ.

ಬುಧವಾರ ಅಮ್ಮಿ ಹೆಂಗಸರ ಚೀಟಿಯಲ್ಲಿ, ಭಿಶಿಯಲ್ಲಿ, ಕೂಡಿಟ್ಟದ್ದನ್ನೆಲ್ಲ ತಂದು ಆಫೀಸಿನಲ್ಲಿ ಕಟ್ಟಿದಳು. ಕಟ್ಟಿದ ಮೇಲೂ ನಾನು ಸುಮ್ಮನಿರಲಿಲ್ಲ. ನೋಟಿಸಿನ ಸಾಕ್ಷಿ ತೋರಿಸಿ ಎಂದೆ. ಗುಮಾಸ್ತ ನಗುತ್ತಾ ಫೈಲಿನಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲೆ ಎಸೆದ. ಹಳೆಯ ಮಾಲೀಕನ ಹೆಸರು, ಕೆಳಗೆ ನನ್ನ ಚೆಂದದ ಮರಾಠಿ. ತಿರಸ್ಕರಿಸಿದ ನೋಟಿಸು ತಲುಪಿದ ಹಾಗೇ ಲೆಕ್ಕ ಎಂದ. ಅಷ್ಟೇ ಆಗಿದ್ದರೆ ಸಂಜೆಗೆ ಕರೆಂಟು ಬರುತ್ತಿತ್ತು. ಆದರೆ ಗ್ರಾಹಕ ಅಲ್ಲಿಲ್ಲವೆಂದು ನಾವೇ ಬರೆದುಕೊಟ್ಟಿದ್ದರಿಂದ, ಖೋಲಿಯಲ್ಲಿ ಇರುವವರು ಯಾರೆಂದು ಇನ್‌ಸ್ಪೆಕ್ಟರ್ ಬಂದು ನೋಡುವವರೆಗೆ ಜೋಡಿಸಲಾಗದು ಎಂದ. ಶನಿವಾರ ಆಗಬಹುದಂತೆ.

ಅಮ್ಮಿ ಲಕೋಟೆ ಎತ್ತಿ ನೋಡಿದಳು. ಅವಳಿಗೆ ಮರಾಠಿ ಓದಲು ಬರುವುದಿಲ್ಲ.

"ಇದು ನಿನ್ನ ಅಕ್ಷರ ಅಲ್ಲೇನು?"

"ಹೌದು."

"ಕಾಯ್ದೆ ಓದಾಕ ಟೈಮ್ ಇತ್ತು. ಇದನ್ನ ಒಡದು ಓದಾಕ ಇರಲಿಲ್ಲ."

ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಮನೆಗೆ ಬಂದು ಮೋಟಾರಿನ ಬೆಲ್ಟು ಬಿಚ್ಚಿ, ಮೆಷಿನ್ನಿನ ಗಾಲಿಯನ್ನು ಕೈಯಿಂದಲೇ ತಿರುಗಿಸಿ ಎರಡು ದಿನ ಹೊಲಿದಳು. ಗಾಲಿ ತಿರುಗಿಸಿಕೊಡಲು ಹೋದರೆ ನನ್ನ ಕೈ ತಳ್ಳಿದಳು. ಶುಕ್ರವಾರ ಗುತ್ತಿಗೆದಾರ ಬಂದು ಮುಗಿದ ಕಾಲರುಗಳನ್ನು ಎಣಿಸಿ, ಉಳಿದ ಬಟ್ಟೆಯನ್ನು ಗಂಟು ಕಟ್ಟಿ, ಎದುರಿನ ಗಲ್ಲಿಯಲ್ಲಿ ಹೊಲಿಯುವವಳಿಗೆ ಕೊಡಲು ಒಯ್ದ. ಅವಳ ಹತ್ತಿರ ಕರೆಂಟಿತ್ತು.

ಇನ್‌ಸ್ಪೆಕ್ಟರ್ ಸೋಮವಾರ ಬಂದ. ಇಲ್ಲಿ ಯಾರಿರುತ್ತೀರಿ ಎಂದು ನನ್ನನ್ನೇ ಕೇಳಿದ. ನಾವೇ ಇರುವುದು, ಹಳೆಯದು ಹೊಸದು ಎಲ್ಲ ಬಾಕಿಗೂ ನಾವೇ ಹೊಣೆ ಎಂದು ಬರೆಸಿಕೊಂಡು ಸಹಿ ಹಾಕಿಸಿದ. ಫ್ಯೂಸ್ ಕೂತಿತು. ಸ್ವಿಚ್ಚು ಹಾಕಿದ್ದು ಹಾಗೇ ಇದ್ದುದರಿಂದ ಮೋಟಾರು ಗುಂಯ್ಯೆಂದಿತು, ಬೆಲ್ಟಿಲ್ಲದೆ. ಅಮ್ಮಿ ಎದ್ದು ಆಫ್ ಮಾಡಿದಳು.