ಖಂಡೇಪೂಜೆಯ ಕುಸುಬಿ ಎಣ್ಣೆ

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಒಂದು ಸಣ್ಣ ಡೀಸೆಲ್ ಗಾಡಿಯನ್ನು ನಮ್ಮಣ್ಣ ಕೊಂಡು ತಂದ. ಮುಂದೆ ಇಬ್ಬರು ಕೂರುವ ಗೂಡು, ಹಿಂದೆ ಚೀಲ ಹೇರಲು ತೆರೆದ ಜಾಗ. ಈಗಿನವರು ಪಿಕಪ್ ಎನ್ನುವಂಥದ್ದು. ಅಲ್ಲಿಯವರೆಗೆ ಗೋಪನಕೊಪ್ಪದ ನಮ್ಮ ಮನೆಯಲ್ಲಿ ಇದ್ದದ್ದು ನಾಲ್ಕು ಚಕ್ಕಡಿ, ಎಂಟು ಎತ್ತು. ಸುತ್ತಲಿನ ಹಳ್ಳಿಗಳಿಂದ ಶೇಂಗಾ, ಹತ್ತಿ ತಂದು ಹುಬ್ಬಳ್ಳಿಯ ಪೇಟೆಗೆ ಹಾಕುವುದು ನಮ್ಮ ಕಸುಬು. ಅಪ್ಪ ತೀರಿದ ಮೇಲೆ ಅಣ್ಣನೇ ಯಜಮಾನ. ಅವನಿಗೆ ಎದುರು ನಿಲ್ಲುವ ಧೈರ್ಯ ನಮ್ಮ ಮನೆಯಲ್ಲಿ ಎತ್ತುಗಳಿಗೆ ಮಾತ್ರ ಇತ್ತು. ನನಗೆ ಇಪ್ಪತ್ತೆರಡು ವರ್ಷ. ಮ್ಯಾಟ್ರಿಕ್ ಪಾಸಾಗಿದ್ದೆ, ಅದರ ಕೊಬ್ಬು ಬೇರೆ.

ಗಾಡಿ ಹೊಡೆಯಲು, ನೋಡಿಕೊಳ್ಳಲು ಅಣ್ಣ ಹಳೇ ಹುಬ್ಬಳ್ಳಿಯ ಒಬ್ಬ ಮುಸಲ್ಮಾನ ಮಿಸ್ತ್ರಿಯನ್ನು ಇಟ್ಟುಕೊಂಡ. ಐವತ್ತು ದಾಟಿದವರು, ಹತ್ತಿಯ ಗಿರಣಿಗಳ ಎಣ್ಣೆ ಇಂಜಿನ್ನುಗಳ ಮುಂದೆಯೇ ಗಡ್ಡ ನೆರೆಸಿಕೊಂಡವರು. ಆಗ ನಾವೆಲ್ಲ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆವು. ಈಗ ನನ್ನ ನಾಲಿಗೆ ಅದಕ್ಕೆ ಒಪ್ಪುವುದಿಲ್ಲ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಎಣ್ಣೆಯ ಒಂದು ಹನಿಯನ್ನು ಎರಡು ಬೆರಳುಗಳ ನಡುವೆ ತಿಕ್ಕಿ, ಮೂಸಿ, ಕಾದ ತಗಡಿನ ಮೇಲೆ ಬಿಟ್ಟು ನೋಡಿದರೆಂದರೆ ಅದು ಯಾವ ಹವೆಗೆ ಆಗಿಬರುತ್ತದೆಂದು ಹೇಳಿಬಿಡುತ್ತಿದ್ದರು.

ದಸರೆ ಹತ್ತಿರ ಬಂದಾಗ ಇಂಜಿನ್ನಿಗೆ ಹೊಸ ಎಣ್ಣೆ ಹಾಕುವ ಮಾತು ಬಂತು. ಅಂಗಡಿಯಲ್ಲಿ ಎರಡು ಬಗೆಯ ಡಬ್ಬಿಗಳಿದ್ದವು, ಒಂದು ದಪ್ಪ, ಒಂದು ತೆಳು.

“ದೀಪಾವಳಿ ಆದ ಮ್ಯಾಲೆ ಮುಂಜಾನಿ ಥಂಡಿ ಬೀಳ್ತೈತ್ರಿ ಸಾವ್ಕಾರ್ರ,” ಅಂದರು ಮಿಸ್ತ್ರಿ. “ದಪ್ಪ ಎಣ್ಣಿ ಲಗೂ ಮ್ಯಾಲೆ ಏರೂದಿಲ್ಲ. ತೆಳ್ಳಂದ ಹಾಕೂಣ್ರಿ.”

ಅಣ್ಣ ನಕ್ಕ. “ಅಜ್ಜನ ಕಾಲದಿಂದ ಚಕ್ಕಡಿ ಹೊಡದ ಮನಿತನ ನಮ್ಮದು. ಗಾಲಿಗೆ ಹಾಕೂ ಕೀಲೆಣ್ಣಿ ದಪ್ಪ ಇದ್ದಷ್ಟೂ ಛಲೋ. ನೀರಿನಂಗ ಇದ್ದದ್ದು ಏನ್ ತಡೀತೈತಿ?”

ಗಾಡಿಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ನಾನು ಗತ್ತಿನಿಂದ ತೆಗೆದು ಓದಿದೆ. ಮಿಸ್ತ್ರಿ ಹೇಳಿದ್ದೇ ಅದರಲ್ಲೂ ಇತ್ತು. ಅದರ ಕೆಳಗೆ ಇನ್ನೊಂದು ಸಾಲು: ಕಾಳಿನಿಂದ ತೆಗೆದ ಯಾವ ಎಣ್ಣೆಯನ್ನೂ ಇದರಲ್ಲಿ ಬೆರೆಸಬಾರದು. ಆ ಸಾಲನ್ನು ಮಿಸ್ತ್ರಿ ನನ್ನಿಂದ ಎರಡು ಸಲ ಓದಿಸಿದರು. “ಖರೇ ಬರದಾರ್ರಿ,” ಅಂದರು.

“ಆತು, ನಿಂದ ನಡೀಲಿ,” ಅಂದ ಅಣ್ಣ. “ಹೆಚ್ಚುಕಡಿಮಿ ಆದ್ರ ನಿನ್ನ ತಲೀ ಮ್ಯಾಲ.”

ಖಂಡೇಪೂಜೆಯ ದಿನ ನಮ್ಮಲ್ಲಿ ದುಡಿಯುವ ಸಾಮಾನಿಗೆಲ್ಲ ಪೂಜೆ. ಕುಡಗೋಲು, ತಕ್ಕಡಿ, ಚಕ್ಕಡಿ, ಯಾವುದೂ ತಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಗಾಣದಿಂದ ತಂದ ಕುಸುಬಿ ಎಣ್ಣೆಯನ್ನು ಅವ್ವ ಮೊದಲು ದೇವರ ದೀಪಕ್ಕೆ ಹಾಕಿ, ಉಳಿದದ್ದನ್ನು ಪ್ರತಿ ಚಕ್ಕಡಿಯ ಗಾಲಿಗೂ ತನ್ನ ಕೈಯಾರೆ ಎರೆಯುತ್ತಿದ್ದಳು. ಅದಕ್ಕೆ ‘ಉಣಿಸೂದು’ ಎನ್ನುತ್ತಿದ್ದಳು. ಆ ವರ್ಷ ನಾಲ್ಕೂ ಚಕ್ಕಡಿಗೆ ಉಣಿಸಿ, ತಂಬಿಗೆ ಹಿಡಿದುಕೊಂಡು ಗಾಡಿಯ ಮುಂದೆ ಬಂದು ನಿಂತಳು. ಮಿಸ್ತ್ರಿಗೆ ಅಂದು ರಜೆ. ಅಣ್ಣ ಪೇಟೆಯ ಅಂಗಡಿಯ ಪೂಜೆಗೆ ಹೋಗಿದ್ದ.

“ಎಲ್ಲಾಕೂ ಉಣಿಸೇನಿ, ಇದನ್ನೊಂದ ಉಪಾಸ ಕೆಡವಲೇನು? ಇದರ ಬಾಯಿ ಎಲ್ಲೈತಿ, ತೋರ್ಸು.”

ನಾನು ನಕ್ಕು, ಮುಂದಿನ ಮುಚ್ಚಳ ಎತ್ತಿ, ಎಣ್ಣೆ ಹಾಕುವ ಬಿರಡೆ ತಿರುವಿ ತೆಗೆದುಕೊಟ್ಟೆ. ಹಬ್ಬದ ದಿನ ಅವ್ವನ ಮನಸ್ಸು ಯಾಕೆ ನೋಯಿಸಲಿ ಎಂದುಕೊಂಡೆ ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ನಾನು ಏನನ್ನೂ ಅಂದುಕೊಂಡಿರಲಿಲ್ಲ. ಒಂದು ತಂಬಿಗೆಯಿಂದ ಏನಾದೀತು ಎಂಬ ಉಡಾಫೆ, ಅಷ್ಟೆ. ಅವ್ವ ಕೊನೆಯ ಹನಿಯವರೆಗೆ ಸುರಿದು ಕೈಮುಗಿದಳು.

ದೀಪಾವಳಿ ಕಳೆದು ಕೆಲವು ದಿನಗಳಾಗಿದ್ದವು. ಶೇಂಗಾ ಚೀಲ ಹೇರಿಕೊಂಡು ಬರುವಾಗ ಕುಂದಗೋಳದ ರಸ್ತೆಯಲ್ಲಿ ಇಂಜಿನ್ ಕಿರುಗುಟ್ಟಿ ನಿಂತೇ ಹೋಯಿತು. ಊರಿಂದ ನಮ್ಮ ಎತ್ತುಗಳನ್ನೇ ತರಿಸಿ, ಕಟ್ಟಿ ಗಾಡಿಯನ್ನು ಎಳೆದು ತಂದೆವು. ದಾರಿಯುದ್ದಕ್ಕೂ ಜನ ನಗುತ್ತಿದ್ದರು, ಅಣ್ಣನ ಮುಖ ಕೆಂಡವಾಗಿತ್ತು.

ಮರುದಿನ ಅಂಗಳದಲ್ಲಿ ಮಿಸ್ತ್ರಿ ಇಂಜಿನ್ ಬಿಚ್ಚಿದರು. ಎಣ್ಣೆ ಸೋಸುವ ಜಾಳಿಗೆಯ ತುಂಬ ಕಂದು ಬಣ್ಣದ ಅಂಟು, ತಳ ಹಿಡಿದ ಬೆಲ್ಲದ ಪಾಕದ ಹಾಗೆ. ಕುಸುಬಿ ಎಣ್ಣೆ ಕಾದು ಕಾದು ಗೋಂದಾಗಿ ಎಣ್ಣೆ ಏರುವ ದಾರಿ ಕಟ್ಟಿತ್ತು. ಮಿಸ್ತ್ರಿ ಅದನ್ನು ಉಗುರಿನಿಂದ ಕೆರೆದು ಮೂಸಿದರು. ಬಹಳ ಹೊತ್ತು ಮೂಸಿದರು. ಆಮೇಲೆ ನನ್ನ ಕಡೆ ನೋಡಿದರು.

“ಸಣ್ಣ ಸಾವ್ಕಾರ್ರ, ಇದರಾಗ ಯಾರರ ಬ್ಯಾರೆ ಎಣ್ಣಿ ಹಾಕಿದ್ರೇನ್ರಿ?”

ಅಣ್ಣ ಅಲ್ಲೇ ನಿಂತಿದ್ದ. ಅವ್ವ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

“ಇಲ್ಲ,” ಅಂದೆ. “ಯಾರೂ ಹಾಕಿಲ್ಲ.”

ಅವರು ಮತ್ತೆ ಕೇಳಲಿಲ್ಲ. ಅಣ್ಣ ಬಾಯಿಗೆ ಬಂದಂತೆ ಬೈದ. ತೆಳ್ಳನೆಯ ಎಣ್ಣೆ ಹಾಕಿ ಗಾಡಿ ಕೊಂದೆ ಅಂದ, ಇಷ್ಟು ವರ್ಷ ಗಿರಣಿಗಳಲ್ಲಿ ಕತ್ತೆ ಕಾಯುತ್ತಿದ್ದೆಯಾ ಅಂದ. ಮಿಸ್ತ್ರಿ ಬೋಲ್ಟು ತಿರುವುವ ಪಾನಾಗಳನ್ನು ಒಂದೊಂದಾಗಿ ಒರೆಸಿ ಜೋಡಿಸಿಟ್ಟು, ಟೊಪ್ಪಿಗೆ ಹಾಕಿಕೊಂಡು ನಡೆದರು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ಅಣ್ಣ ಅಷ್ಟಕ್ಕೇ ಬಿಡಲಿಲ್ಲ, ಪೇಟೆಯ ತುಂಬ ಹೇಳಿಕೊಂಡು ಬಂದ. ಎಣ್ಣೆಯ ಗುರುತು ಹತ್ತದ ಮಿಸ್ತ್ರಿ ಎಂಬ ಹೆಸರು ಅವರಿಗೆ ಅಂಟಿತು. ಒಂದು ಗಿರಣಿಯೂ ಅವರನ್ನು ಒಳಗೆ ಕರೆಯಲಿಲ್ಲ. ಅವ್ವ ಒಂದು ದಿನ ನನಗೆ ಬಡಿಸುತ್ತ, “ಪಾಪ, ಭಾಳ ಛಲೋ ಮನುಷ್ಯಾ ಇದ್ದ. ಯಾಕ ಹಂಗ ಮಾಡಿದನೋ ಏನೋ,” ಅಂದಳು. ಅಂದಿನಿಂದ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಕೆ.

ಯುಗಾದಿಯ ಹೊತ್ತಿಗೆ ತಡೆಯಲಾರದೆ ಹಳೇ ಹುಬ್ಬಳ್ಳಿಗೆ ಹೋದೆ. ಮಿಸ್ತ್ರಿ ಮನೆಯ ಮುಂದೆ ಕೂತು ಸೈಕಲ್ ಗಾಲಿಗೆ ತೇಪೆ ಹಚ್ಚುತ್ತಿದ್ದರು. “ಬರ್ರಿ, ಕೂಡ್ರಿ,” ಎಂದು ಗೋಣಿತಾಟು ಹಾಸಿದರು. ನಾನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

“ಗೊತ್ತೈತ್ರಿ,” ಅಂದರು ಅವರು, ಗಾಲಿಯಿಂದ ಕಣ್ಣೆತ್ತದೆ. “ಮೂಸಿದಾಗನ ಗೊತ್ತಾತು. ಕುಸುಬಿ ವಾಸನಿ ಯಾರಿಗ್ ತಿಳ್ಯೂದಿಲ್ರಿ?”

“ಮತ್ತ ಅಣ್ಣನ ಮುಂದ ಯಾಕ ಹೇಳಲಿಲ್ಲ?”

“ಹೆಂಗ ಹೇಳ್ಳಿ? ಹಬ್ಬದ ಎಣ್ಣಿ ಅದು. ತಾಯಿ ಭಕ್ತಿಲೆ ಹಾಕಿರ್ತಾರ. ನಾ ಸಾಬರಾಂವ, ನಿಮ್ಮ ಪೂಜಿ ಎಣ್ಣಿಲೆ ಗಾಡಿ ಕೆಟ್ಟತಂತ ಹೆಂಗ ಅನ್ಲಿ? ಆ ತಾಯಿಗೆ ಗೊತ್ತಾದ್ರ ಜೀವಕ್ಕ ಹಚ್ಚಿಕೋತಾರ. ಅದಕ ನಾ ಸುಮ್ಮನಾದ್ನಿ.” ಗಾಲಿಯನ್ನು ಪಕ್ಕಕ್ಕಿಟ್ಟು ಮೊದಲ ಸಲ ನನ್ನ ಮುಖ ನೋಡಿದರು. “ನೀವ್ ಯಾಕ ಸುಮ್ಮನಾದ್ರಿ?”

ಅಣ್ಣನ ಎದುರು ಇವತ್ತೇ ಹೇಳಿಬಿಡುತ್ತೇನೆ, ನಿಮ್ಮನ್ನು ಮತ್ತೆ ಕರೆಸುತ್ತೇನೆ ಎಂದು ಮಾತು ಕೊಟ್ಟು ಎದ್ದೆ. ಅವರು ಹೂಂ ಅಂದರು. ಗೋಪನಕೊಪ್ಪದವರೆಗೆ ನಡೆಯುತ್ತ, ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡೆ.

ಮನೆಯಲ್ಲಿ ಅಣ್ಣ ಊಟಕ್ಕೆ ಕೂತಿದ್ದ. “ಇಷ್ಟೊತ್ತನ ಎಲ್ಲಿಗ್ ಹೋಗಿದ್ದಿ?” ಎಂದು ತಲೆಯೆತ್ತದೆ ಕೇಳಿದ.

“ಪ್ಯಾಟಿಗೆ,” ಅಂದೆ. ಕೈ ತೊಳೆದು ಅವನ ಪಕ್ಕದಲ್ಲಿ ಕೂತೆ. ಅವ್ವ ನನ್ನ ತಾಟಿಗೂ ರೊಟ್ಟಿ ಹಾಕಿದಳು.