ಒಳಗೇ ಉಳಿದ ರಿವಾಯತ್ ಪದಗಳು

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನಮ್ಮದೊಂದು ಅಕ್ಷರ ಜೋಡಿಸುವ ಅಂಗಡಿ. ಮದುವೆ ಕಾರ್ಡು, ಕರಪತ್ರ, ಪ್ರಶ್ನೆಪತ್ರಿಕೆ ಇವೇ ಕೆಲಸ. ನನ್ನ ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ಅವರ ಶ್ರದ್ಧಾಂಜಲಿಯ ಕಾರ್ಡನ್ನೂ ನಾನೇ ಟೈಪು ಮಾಡಿದೆ. ಬಬಲೇಶ್ವರದ ತವರಿಗೆ ಬಂದುಬಿಡು ಅಂತ ಅಣ್ಣ ಕರೆಯುತ್ತಾನೆ. ಹೋಗಲಾರೆ. ಅವರ ಒಂದು ಕೆಲಸ ಈ ಅಂಗಡಿಯಲ್ಲಿ ಸಿಕ್ಕಿಹಾಕಿಕೊಂಡಿದೆ, ಅದರ ಜೊತೆಗೆ ನಾನೂ.

ಅವರು ತಿಕೋಟಾದವರು. ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳನ್ನು ಕಳ್ಳಕವಟಗಿ, ಘೋಣಸಗಿಯ ಹಿರಿಯರ ಬಾಯಿಂದ ಕೇಳಿ ವರ್ಷಗಟ್ಟಲೆ ಟೈಪು ಮಾಡಿಟ್ಟರು. ಹಾಡಿದವರಲ್ಲಿ ಎಷ್ಟೋ ಜನ ಈಗಿಲ್ಲ. ಟೈಪು ಮಾಡಿದ್ದು ರೊಕ್ಕ ಕೊಟ್ಟು ತಂದ ಹಳೆಯ ತಂತ್ರಾಂಶದಲ್ಲಿ. ಅದನ್ನು ಮಾರಿದ ಕಂಪನಿ ಮುಚ್ಚಿಹೋಯಿತು. ಬೇರೆ ಕಂಪ್ಯೂಟರಿನಲ್ಲಿ ಆ ಕನ್ನಡ ಬರೀ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀರುಗಳಾಗಿ ಕಾಣುತ್ತದೆ. ಅದನ್ನು ಮತ್ತೆ ಕನ್ನಡ ಮಾಡುವ ಪುಟ್ಟ ತಂತ್ರಾಂಶವೊಂದನ್ನು ಯಾರೋ ಪುಣ್ಯಾತ್ಮ ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದ. ಓಣಿಯ ಅಂಗಡಿಗಳೆಲ್ಲ ಅದನ್ನೇ ಬಳಸುತ್ತಿದ್ದವು. ತೆರೆದಾಗಲೆಲ್ಲ ಪರದೆಯ ಮೇಲೆ ಒಂದು ಚೌಕ ಮೂಡುತ್ತಿತ್ತು: ಇದನ್ನು ಒಬ್ಬನೇ ನಡೆಸುತ್ತಿದ್ದೇನೆ, ಬಳಸುವವರು ಕೈಲಾದಷ್ಟು ನೆರವಾಗಿ.

"ಪುಕ್ಕಟ ಐತಿ ಅಂದಮ್ಯಾಲ ಮುಗೀತಲ್ಲ, ಮುಚ್ಚ ಅದನ್ನ," ಅನ್ನುತ್ತಿದ್ದರು ಯಜಮಾನರು. ಮುಚ್ಚುವ ಗುರುತು ಎಲ್ಲಿದೆ ಎಂಬುದನ್ನೇ ನಾನು ಮೊದಲು ಕಲಿತೆ.

ಅವರು ಹೋದ ಮೇಲೆ ಹಳೆಯ ಕಂಪ್ಯೂಟರೂ ಸುಟ್ಟುಹೋಯಿತು. ಪೆನ್‌ಡ್ರೈವಿನಲ್ಲಿದ್ದ ಕಡತಗಳು ಉಳಿದವು. ಹೊಸದರಲ್ಲಿ ಆ ಪುಟ್ಟ ತಂತ್ರಾಂಶ ಏಳಲೇ ಇಲ್ಲ. ಓಣಿಯ ಬೇರೆ ಅಂಗಡಿಗಳಲ್ಲೂ ಈಗ ಹೊಸ ಯಂತ್ರಗಳೇ, ಅಲ್ಲೂ ಅದೇ ಗತಿ. ಅಂತರ್ಜಾಲದ ಅದರ ಪುಟದಲ್ಲಿ ಬರೆದವನ ಎರಡು ಸಾಲು ಇದ್ದವು: ಮನೆ ನಡೆಯಬೇಕು, ಬೇರೆ ಕೆಲಸಕ್ಕೆ ಸೇರಿದ್ದೇನೆ. ಹೊಸ ಯಂತ್ರಗಳಿಗೆ ಹೊಂದಿಸಲು ಬಿಡುವಿಲ್ಲ, ಕ್ಷಮಿಸಿ.

ಮೊಹರಂ ಹತ್ತಿರವಾದಾಗ ಕಳ್ಳಕವಟಗಿಯ ಹಿರಿಯ ಹಾಡುಗಾರರೊಬ್ಬರು ಅಂಗಡಿಗೆ ಬಂದರು.

"ತಂಗಿ, ಪದದ ಹಾಳಿ ಕೊಡವ್ವಾ. ನನಗ ನೆನಪ ಹಾರಾಕತ್ತೈತಿ."

"ಒಳಗ ಅದಾವ್ರಿ. ಹೊರಗ ಬರವಲ್ವು."

"ಕೀಲಿ ಕಳಕೊಂಡಿಯೇನು?"

"ಕೀಲಿ ಮಾಡಾಂವನ್ನ ಕಳಕೊಂಡೇವ್ರಿ."

ಎಲ್ಲ ಹೇಳಿದೆ. ಚಹಾ ಮುಗಿಸಿ ಕೇಳಿದರು, "ಅಂವಗ ನೀವು ಏನ ಕೊಡ್ತಿದ್ರಿ?"

"ಏನೂ ಇಲ್ರಿ."

"ನಾವು ಹತ್ತ ದಿನ ಹೊಲಕ್ಕ ಹೋಗಂಗಿಲ್ಲ, ಹಾಡತೇವಿ. ಪದ ಕೇಳಾಕ ಯಾರೂ ರೊಕ್ಕಾ ಕೊಡಬೇಕಾಗಿಲ್ಲ. ಆದ್ರ ಹಾಡಾಂವಗ ಹೊಟ್ಟಿ ಐತೆಲ್ಲ? ಅದಕ್ಕ ಮನಿಮನಿಯಿಂದ ಹಿಟ್ಟು, ಬೆಲ್ಲ ಬರತೈತಿ. ನಿನ್ನ ಗಂಡನ ಅಲ್ಲೇನು, ಬುಟ್ಟಿ ಹಿಡಕೊಂಡು ತಿರಗತಿದ್ದಾಂವ?"

ಹೌದು. ಅಲ್ಲಿ ಬುಟ್ಟಿ ಹಿಡಿದು ತಿರುಗಿದವರೇ ಇಲ್ಲಿ ಕೂತು ಆ ಚೌಕವನ್ನು ಮುಚ್ಚುತ್ತಿದ್ದರು. ನಾನೂ.

ಮರುದಿನ ಆ ತಂತ್ರಾಂಶ ಬರೆದವನಿಗಾಗಿ ರೊಕ್ಕ ಕೂಡಿಸಲು ಓಣಿಯ ಅಂಗಡಿಗಳಿಗೆ ಹೋದೆ. ಪಕ್ಕದ ಮುದ್ರಣದ ಚಾಚಾ ನಕ್ಕರು. "ಸತ್ತ ಎಮ್ಮಿಗಿ ಹಿಂಡಿ ಹಾಕಾಕ ಹೊಂಟಿಯೇನು ಬೇ?"

"ಸತ್ತಿಲ್ರಿ ಚಾಚಾ. ರೊಕ್ಕ ಕೊಟ್ಟು ತಂದದ್ದು ಸತ್ತೈತಿ, ಅದರ ಒಳಗ ಏನೈತಿ ಅಂತ ಯಾರಿಗೂ ತೋರಿಸಲೇ ಇಲ್ಲ. ಇಂವಾ ಬರದದ್ದೆಲ್ಲಾ ತೆರದ ಇಟ್ಟಾನ. ಅಂವಾ ಆಗಲಿ, ಇನ್ನೊಬ್ಬ ಆಗಲಿ, ಕುಂತು ಮಾಡಾಕ ದಿನ ಬೇಕು. ಆ ದಿನಾ ನಾವು ಕೊಡಬೇಕಲ್ರಿ. ದಿನಾ ಬಳಸತಿದ್ದಾಂವ್ರು ನಾವಽ."

ಚಾಚಾ ಗಲ್ಲಾ ತೆರೆದರು. ಉಳಿದ ಅಂಗಡಿಯವರೂ ಕೊಟ್ಟರು, ಇಬ್ಬರು ಮಾತ್ರ ನಾಳೆ ಬಾ ಅಂದರು. ಇನ್ನೂ ನಾಳೆ ಅನ್ನುತ್ತಲೇ ಇದ್ದಾರೆ.

ಕೂಡಿದ್ದನ್ನು ಒಂದು ಪತ್ರದ ಜೊತೆ ಬರೆದವನಿಗೆ ಕಳಿಸಿದೆ. ಉತ್ತರ ಬಂತು. ಭಾನುವಾರಗಳಲ್ಲಿ ಕೂರುತ್ತೇನೆ, ಎಷ್ಟು ಭಾನುವಾರ ಬೇಕೋ ಹೇಳಲಾರೆ ಎಂದು ಬರೆದಿದ್ದ. ತನ್ನ ತಂತ್ರಾಂಶದಿಂದ ಹಾಡು ಉಳಿಯುತ್ತಿದೆ ಎಂದು ಇಷ್ಟು ವರ್ಷದಲ್ಲಿ ಯಾರೂ ತನಗೆ ತಿಳಿಸಿರಲಿಲ್ಲವಂತೆ.

ಈ ಮೊಹರಂಗೆ ಹಾಳೆ ಸಿಗಲಿಲ್ಲ. ಹಿರಿಯರು ನೆನಪಿದ್ದಷ್ಟು ಹಾಡಿದರು, ಮರೆತಲ್ಲಿ ನಿಂತರು. ಹೆಂಗಸರ ನಡುವೆ ಕೂತು ನಾನು ಆ ನಿಂತ ಜಾಗಗಳನ್ನೇ ಕೇಳಿಸಿಕೊಂಡೆ. ಆ ಸಾಲುಗಳು ಅಂಗಡಿಯಲ್ಲಿವೆ, ಯಜಮಾನರ ಬೆರಳು ಒತ್ತಿದ ಹಾಗೆಯೇ. ಪ್ರತಿ ಸೋಮವಾರ ಶಟರ್ ಎತ್ತಿದ ಕೂಡಲೇ ಆ ತಂತ್ರಾಂಶವನ್ನು ಅದರ ಪುಟದಿಂದ ಮತ್ತೆ ಇಳಿಸಿಕೊಂಡು ತೆರೆದು ನೋಡುತ್ತೇನೆ. ನೆರವು ಕೇಳುವ ಆ ಚೌಕ ಇನ್ನೂ ಮೂಡಿಲ್ಲ.