ಅವರಪ್ಪ, ನಮ್ಮಪ್ಪ

ಹಾರ್ಮೋನಿಯಂ ಮೇಲೆ ಇರುವಷ್ಟು ಹೊತ್ತು ನನ್ನ ಕೈ ನಡುಗುತ್ತಿರಲಿಲ್ಲ. ಹರಿಕಥೆ ಮುಗಿದು, ಮಂಗಳ ಹಾಡಿ, ತಿದಿ ಮುಚ್ಚಿದ ಕೂಡಲೇ ಶುರುವಾಗುತ್ತಿತ್ತು. ಬಾಯಿ ಒಣಗುತ್ತಿತ್ತು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಏಕೆಂದರೆ ಅದು ಹೆಂಗಸರು ಹತ್ತಿರ ಬರುವ ಹೊತ್ತು. ಕೋಸಂಬರಿಯ ದೊನ್ನೆ ಕೈಗಿಡುತ್ತಾ ಅವರು ಕೇಳುತ್ತಿದ್ದರು: ಯಾವೂರಮ್ಮ, ಯಾರ ಪೈಕಿ, ತಂದೆತಾಯಿ ಇದ್ದಾರಾ, ಇನ್ನೂ ಯಾಕೆ ಮದುವೆಯಾಗಿಲ್ಲ. ಕೆಟ್ಟ ಬುದ್ಧಿಯಿಂದ ಕೇಳುತ್ತಿರಲಿಲ್ಲ, ಪಾಪ. ನಮ್ಮ ಕಡೆ ಪರಿಚಯವಾಗುವುದೇ ಹಾಗೆ. ನಾನು ಮಾತ್ರ ಆ ದೊನ್ನೆ ಕಂಡರೇ ಪೆಟ್ಟಿಗೆ ಕಟ್ಟುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದೆ.

ಕಥೆ ಮಾಡುತ್ತಿದ್ದವಳು ಅವಳು. ನಾನು ಪಕ್ಕವಾದ್ಯ. ಅರವತ್ತರ ದಶಕದ ಕೊನೆಗೆ ನಾವಿಬ್ಬರೂ ದೊಡ್ಡಬಳ್ಳಾಪುರದ ಮಗ್ಗದ ಬೀದಿಯೊಂದರಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಬಾಡಿಗೆಗೆ ಹಿಡಿದೆವು. ರಾಮನವಮಿ, ಶ್ರಾವಣ ಶನಿವಾರ, ಧನುರ್ಮಾಸ ಬಂತೆಂದರೆ ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಿಗೆಲ್ಲ ಬಸ್ಸು ಹತ್ತುತ್ತಿದ್ದೆವು. ಅವಳು ಗಂಡನನ್ನು ಬಿಟ್ಟು ಬಂದವಳು, ನನಗಿಂತ ದೊಡ್ಡವಳು. ಕಂಠ ಅಂದರೆ ಕಂಠ. ಮೈಕು ಕೈಕೊಟ್ಟರೂ ಕೊನೆಯ ಸಾಲಿನ ಮುದುಕರು ತಲೆದೂಗುತ್ತಿದ್ದರು. ನಾನು ಅವಳನ್ನು ಪ್ರೀತಿಸುತ್ತಿದ್ದೆ, ಅವಳು ನನ್ನನ್ನು. ಗಂಡಹೆಂಡಿರ ಹಾಗೆಯೇ ಬದುಕುತ್ತಿದ್ದೆವು, ಜಗಳವೂ ಸೇರಿ. ಈಗ ಇದನ್ನು ಸಲೀಸಾಗಿ ಬರೆದುಬಿಟ್ಟೆ. ಆಗ ಇದಕ್ಕೆ ನಮ್ಮಿಬ್ಬರ ನಡುವೆ ಕೂಡ ಮಾತಿರಲಿಲ್ಲ.

ಹೊರಗಿನವರಿಗೆ ಮಾತ್ರ ಒಂದು ಮಾತು ಬೇಕಿತ್ತು. ಮನೆ ಕೇಳಲು ಹೋದ ದಿನ ಮನೆಯೊಡತಿ ಬಾಗಿಲಲ್ಲೇ ನಿಂತು, ನನ್ನನ್ನು ತೋರಿಸಿ, ಇವಳು ನಿಮಗೇನಾಗಬೇಕು ಎಂದು ಅವಳನ್ನು ಕೇಳಿದಳು. ಅವಳು ಒಂಚೂರೂ ತಡಮಾಡದೆ ತಂಗಿ ಎಂದಳು. ಅಲ್ಲಿಂದ ಮುಂದೆ ಹೊಸ್ತಿಲು ದಾಟಿದರೆ ಅವಳು ನನಗೆ ಅಕ್ಕ. ಮನೆಯೊಳಗೆ ಏನೂ ಅಲ್ಲ. 'ಏ', 'ಇಲ್ಲಿ ನೋಡು', 'ಕೇಳಿಸ್ತಾ', ಇಷ್ಟರಲ್ಲೇ ನಮ್ಮ ಸಂಸಾರ ನಡೆಯಿತು.

ಬೂದಿಗೆರೆ ಕಡೆಯ ನನ್ನ ತವರಿನಲ್ಲಿ ಈ ಅಕ್ಕ ನಡೆಯುವಂತಿರಲಿಲ್ಲ. ಅಪ್ಪನಿಗೆ ನಾನೊಬ್ಬಳೇ ಮಗಳು. ಅಪ್ಪ, ಅಣ್ಣ ಇಬ್ಬರಿಗೂ ನಾನು ಹೇಳಿದ್ದು, ಸಂಗೀತ ಕಲಿಸುವ ವಯಸ್ಸಾದ ವಿಧವೆಯೊಬ್ಬರ ಮನೆಯಲ್ಲಿದ್ದೇನೆ, ಊಟ ಪಾಠ ಎಲ್ಲ ಅಲ್ಲೇ ಎಂದು. ಈ ಎರಡು ಸುಳ್ಳುಗಳು ಎಲ್ಲೂ ಎದುರುಬದುರಾಗಬಾರದು. ಅದನ್ನು ಕಾಯುವುದೇ ನನ್ನ ಕಸುಬಾಯಿತು, ಹಾರ್ಮೋನಿಯಂ ಎರಡನೆಯದು. ಸಂತೆಯಲ್ಲಿ ನಮ್ಮೂರ ಕಡೆಯ ಮುಖ ಕಂಡರೆ ಆರಿಸಿದ ಬದನೆಕಾಯಿ ಬಿಟ್ಟು ಓಡಿಬರುತ್ತಿದ್ದೆ. ಬಸ್ಸಿನಲ್ಲಿ ಅವಳಿಗೆ ಪರೀಕ್ಷೆ ಕೊಡುತ್ತಿದ್ದೆ: ಅಮ್ಮ ತೀರಿಕೊಂಡಿದ್ದು ಹೇಗೆ, ಅಪ್ಪನಿಗೆ ಜಮೀನೆಷ್ಟು, ಅಪ್ಪ ಯಾಕೆ ಕಥೆ ಕೇಳಲು ಬರುವುದಿಲ್ಲ. ಅವಳು ಬೇಕೆಂದೇ ತಪ್ಪು ಉತ್ತರ ಹೇಳಿ ನಗುತ್ತಿದ್ದಳು. "ನೀನು ಹೆದರ್ಕೊಂಡೇ ಊರಿಗೆಲ್ಲ ಹೇಳ್ಬಿಡ್ತೀಯ ಕಣೇ" ಅನ್ನುವುದು ಅವಳ ಪಲ್ಲವಿ.

ನನ್ನ ಹೆದರಿಕೆಗೆ ಕಾರಣ ಇಲ್ಲದಿರಲಿಲ್ಲ. ನಮ್ಮ ಜೊತೆ ಒಂದಷ್ಟು ಕಾಲ ತಬಲ ಬಾರಿಸುತ್ತಿದ್ದವನೊಬ್ಬನಿದ್ದ, ಮೆತ್ತನೆಯ ಮನುಷ್ಯ. ನಡಿಗೆ ಹೆಣ್ಣಿನದು ಎಂದು ಪೆಂಡಾಲಿನಲ್ಲೇ ಶಿಳ್ಳೆ ಹೊಡೆಯುತ್ತಿದ್ದರು. ಅವನು ತಲೆ ಬಗ್ಗಿಸಿ ಇನ್ನೂ ಜೋರಾಗಿ ಬಾರಿಸುತ್ತಿದ್ದ. ಬರಬರುತ್ತಾ ಮಾತು ನಿಲ್ಲಿಸಿದ, ಆಮೇಲೆ ಊಟ. ಒಂದು ದಿನ ತಬಲವನ್ನು ನಮ್ಮ ಮನೆಯಲ್ಲಿಟ್ಟು ಹೋದವನು ತಿರುಗಿ ಬರಲಿಲ್ಲ. ಬಾವಿಗೆ ಬಿದ್ದ ಎಂದು ಯಾರೋ ಹೇಳಿದರು. ಕಾಲು ಜಾರಿ ಎಂದು ಇನ್ಯಾರೋ ಹೇಳಿದರು. ನಾನು ಅವನಿಗಾಗಿ ಅತ್ತೆ, ನಮಗಾಗಿಯೂ ಅತ್ತೆ.

ಆಮೇಲೆ ನನ್ನ ಉಸಿರಿನ ತೊಂದರೆ ಹೆಚ್ಚಾಯಿತು. ಅನ್ನ ಕಲಸಿ ಕೂತವಳಿಗೆ ಇದ್ದಕ್ಕಿದ್ದಂತೆ ಸತ್ತೇಹೋಗುತ್ತೇನೆ ಅನ್ನಿಸುತ್ತಿತ್ತು. ಮನೆಯೊಡತಿ ತಾಯಿತ ಕಟ್ಟಿಸಿದಳು. ನನ್ನವಳು ಅಕ್ಕನಾಗಿ ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಆತ ಎದೆಗೆ ಕೊಳವೆಯಿಟ್ಟು ನೋಡಿ, ಎದೆಯಲ್ಲಿ ಏನೂ ಇಲ್ಲ, ವಯಸ್ಸಿನ ಕಾಯಿಲೆ, ತಂಗಿಗೆ ಬೇಗ ಒಂದು ಗಂಡು ನೋಡಿ ಎಂದು ಅವಳಿಗೆ ಬುದ್ಧಿ ಹೇಳಿ ಟಾನಿಕ್ ಬರೆದುಕೊಟ್ಟ. ಅವಳು ಗಂಭೀರವಾಗಿ, ನೋಡುತ್ತಲೇ ಇದ್ದೇನೆ ಡಾಕ್ಟ್ರೇ, ಒಪ್ಪುವಂಥದ್ದು ಸಿಗುತ್ತಿಲ್ಲ ಎಂದಳು. ಬೀದಿಗೆ ಬಂದು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಮನೆ ಮುಟ್ಟುವಷ್ಟರಲ್ಲಿ ನನಗೆ ಮತ್ತೆ ಉಸಿರು ಸಿಕ್ಕಿಕೊಂಡಿತ್ತು. ಈಗಿನವರು ಇದಕ್ಕೊಂದು ಹೆಸರಿಟ್ಟು ಮಾತ್ರೆ ಕೊಡುತ್ತಾರೆ. ಒಳ್ಳೆಯದು. ಆಗ ಹೆಸರಿದ್ದಿದ್ದರೆ ಕಾಯಿಲೆಯ ಜೊತೆ ಕಾರಣವನ್ನೂ ಹೇಳಬೇಕಾಗುತ್ತಿತ್ತಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ಶ್ರಾವಣದಲ್ಲಿ ಅಪ್ಪ ತೀರಿಕೊಂಡರು. ಊರಿಂದ ಆಳು ಬಂದು ಹೇಳಿದಾಗ ನಾನು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ. ಮಾರನೆಯ ದಿನ ಆವತಿ ಹತ್ತಿರದ ಒಂದು ಹಳ್ಳಿಯ ಆಂಜನೇಯನ ಗುಡಿಯಲ್ಲಿ ನಮ್ಮ ಕಥೆ ಒಪ್ಪಿಕೊಂಡಿತ್ತು. ನೀನು ಹೋಗು, ನಾನು ತಂಬೂರಿ ಇಟ್ಟುಕೊಂಡೇ ನಿಭಾಯಿಸುತ್ತೇನೆ ಎಂದು ಅವಳು ನನ್ನನ್ನು ಕಳಿಸಿಕೊಟ್ಟಳು. ಹಾಗೇ ಮಾಡಿದಳು ಕೂಡ.

ಅಪ್ಪನ ಮನೆಯಲ್ಲಿ ಮೂಲೆಯಲ್ಲಿ ಕೂತು ನಾನು ಸೂತಕ ಕಳೆಯುತ್ತಿದ್ದೆ. ಅಣ್ಣ ಎದುರಿಗೆ ಬಂದು ಕೂತು, ಇನ್ನು ಪಾಠ ಸಾಕು, ಹೊಸಕೋಟೆ ಕಡೆ ಒಂದು ಸಂಬಂಧವಿದೆ, ಎರಡನೇ ಸಂಬಂಧವಾದರೂ ಒಳ್ಳೆಯ ಜನ ಎಂದ. ವರ್ಷಾಬ್ದಿಕದವರೆಗೂ ಬೇಡ ಎಂದು ಹೇಗೋ ಜಾರಿಕೊಂಡೆ. ಅತ್ತು ಕೆಂಪಾದ ಕಣ್ಣು ಆ ಮಟ್ಟಿಗೆ ಕೆಲಸಕ್ಕೆ ಬಂತು. ಅಪ್ಪನಿಗಾಗಿ ಅಳುವಾಗಲೂ ನನ್ನ ತಲೆ ಇಂಥ ಲೆಕ್ಕಾಚಾರದಲ್ಲಿರುತ್ತಿತ್ತು. ಅದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಕರ್ಮಗಳೆಲ್ಲ ಮುಗಿದು ದೊಡ್ಡಬಳ್ಳಾಪುರಕ್ಕೆ ಬಂದರೆ, ಅವಳು ಒಲೆ ಹಚ್ಚದೆ ಗೋಡೆಗೊರಗಿ ಕೂತಿದ್ದಳು. ಆ ಗುಡಿಯ ಅರ್ಚಕರು ಬೆಳಿಗ್ಗೆ ಬಂದು ಹೋಗಿದ್ದರು. ನಡೆದದ್ದು ಇಷ್ಟು: ಕಥೆಗೆ ಮುಂಚೆ ಮುಂದಿನ ಸಾಲಿನ ಅಜ್ಜಿಯೊಬ್ಬರು ತಂಗಿ ಎಲ್ಲಿ ಎಂದು ಕೇಳಿದ್ದಾರೆ. ಇವಳು ಗೆಜ್ಜೆ ಕಟ್ಟಿಕೊಳ್ಳುತ್ತಾ "ಅವ್ರಪ್ಪ ಹೋಗ್ಬಿಟ್ರು ಕಣಜ್ಜಿ, ಊರಿಗೆ ಹೋಗವ್ಳೆ" ಎಂದಿದ್ದಾಳೆ. ಅಜ್ಜಿ ಕಥೆಯುದ್ದಕ್ಕೂ ಅದನ್ನೇ ಅಗಿದಿದ್ದಾರೆ. ತಂಗಿಯ ಅಪ್ಪ ಅಂದರೆ ಇವಳಿಗೂ ಅಪ್ಪನೇ ತಾನೇ? ಮದುವೆಯಾದ ಮಗಳಿಗೂ ಮೂರು ದಿನದ ಸೂತಕವಿದೆ. ಅಪ್ಪನ ಹೆಣ ಮನೆ ಬಿಟ್ಟ ಮಾರನೆಯ ದಿನವೇ ಇವಳು ಗುಡಿಯೊಳಗೆ ಗೆಜ್ಜೆ ಕಟ್ಟಿ ಕುಣಿದಳೇ? ಮಂಗಳವಾದ ಮೇಲೆ ಅಜ್ಜಿ ಅರ್ಚಕರನ್ನು ಕೇಳಿದರು. ಅರ್ಚಕರು ಊರಿನ ಯಜಮಾನರನ್ನು ಕೇಳಿದರು.

ಇಷ್ಟು ವರ್ಷ ಎಂತೆಂಥ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠ ಮಾಡಿಸಿದ್ದೆ. ಸೂತಕ ನನಗೂ ಹೊಳೆದಿರಲಿಲ್ಲ. ಹೇಗೆ ಹೊಳೆದೀತು? ಅವಳು ನನ್ನ ಅಕ್ಕ ಅಲ್ಲ ಎನ್ನುವುದು ನಮ್ಮಿಬ್ಬರಿಗೂ ಅಷ್ಟು ಖಾತ್ರಿಯಿತ್ತು. ನನಗೆ ಅವಳ ಮೇಲೆ ರೇಗಿತು. ಒಂದು ಮಾತು, ನಮ್ಮಪ್ಪ ಎಂದು ಅನ್ನಲಾಗಲಿಲ್ಲವೇ ಎಂದು ಕೂಗಾಡಿದೆ. ನಮ್ಮಪ್ಪ ಎಂದಿದ್ದರೆ ಅಲ್ಲೇ ಗೆಜ್ಜೆ ಬಿಚ್ಚಿಸಿ ಕಳಿಸುತ್ತಿದ್ದರು ಎನ್ನುವುದು ಆಮೇಲೆ ಹೊಳೆಯಿತು. ಅವಳು ತಿರುಗಿ ಬಯ್ಯಲಿಲ್ಲ. ಅದರಿಂದಲೇ ಅವಳಿಗೂ ಭಯವಾಗಿದೆ ಎಂದು ಗೊತ್ತಾಯಿತು.

ಇಬ್ಬರೂ ಬರಬೇಕೆಂದು ಹೇಳಿಕಳಿಸಿದ್ದರು. ದೇವನಹಳ್ಳಿಯ ಬಸ್ಸಿನಲ್ಲಿ ನಾನು ಅವಳ ಕಿವಿಯಲ್ಲಿ ಒಂದೇ ಸಮ ಪಿಸುಗುಟ್ಟಿದೆ. ಅಕ್ಕ ಎಂದು ಒಪ್ಪಿಕೊಂಡರೆ ಸೂತಕದಲ್ಲಿ ದೇವರ ಮುಂದೆ ಹಾಡಿದ ತಪ್ಪು ತಲೆಗೆ ಬರುತ್ತದೆ, ಸುತ್ತಲಿನ ಯಾವ ಗುಡಿಯೂ ನಿನ್ನನ್ನು ಹತ್ತಿಸುವುದಿಲ್ಲ, ಹಾಡದೆ ನೀನು ಬದುಕುತ್ತೀಯಾ ಎಂದೆ. ಅಲ್ಲ ಎಂದುಬಿಡು, ಪರಿಚಯದವಳು, ಶಿಷ್ಯೆ, ಏನಾದರೂ ಹೇಳು ಎಂದು ಕೈ ಮುಗಿದೆ. ಅಲ್ಲ ಎಂದರೆ ಆಗುವುದೂ ನನಗೆ ಗೊತ್ತಿತ್ತು. ಮನೆಯೊಡತಿ ಆ ಸಂಜೆಯೇ ಪಾತ್ರೆ ಹೊರಗಿಡುತ್ತಾಳೆ. ಗಂಡ ಬಿಟ್ಟವಳೂ ಮದುವೆಯಾಗದವಳೂ ಯಾಕೆ ಸುಳ್ಳು ಹೇಳಿಕೊಂಡು ಒಂದೇ ಕೋಣೆಯಲ್ಲಿದ್ದರು ಎಂಬ ಮಾತು ಬೂದಿಗೆರೆ ಮುಟ್ಟಲು ಒಂದು ಸಂತೆ ಸಾಕು. ಅಣ್ಣ ಬಂದು ಜುಟ್ಟು ಹಿಡಿದು ಎಳೆದೊಯ್ಯುತ್ತಾನೆ. ಒಂದು ಕಡೆ ಅವಳ ಹಾಡು, ಇನ್ನೊಂದು ಕಡೆ ನಾವಿಬ್ಬರು. ಅವಳು ಕಿಟಕಿಯ ಕಡೆ ನೋಡುತ್ತಾ ಕೂತಳು. ನನ್ನ ಮಾತು ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಆವತಿಯಲ್ಲಿ ಅವಳೇ ಮೊದಲು ಇಳಿದಳು.

ಗುಡಿಯ ಮುಂದಿನ ಕಟ್ಟೆಯ ಮೇಲೆ ಯಜಮಾನರು ಕೂತಿದ್ದರು. ಹೆಂಗಸರು ಒಂದು ಪಕ್ಕಕ್ಕೆ ನಿಂತಿದ್ದರು. ಹೊರಗಡೆಯೇ ಅರ್ಚಕರು ನಮ್ಮನ್ನು ತಡೆದು, ದನಿ ತಗ್ಗಿಸಿ ಅವಳಿಗೆ ಹೇಳಿದರು: "ನೋಡಮ್ಮ, ಒಡಹುಟ್ಟಿದೋರಲ್ಲ, ಸುಮ್ನೆ ಅಕ್ಕ ಅಂತ ಕರೀತಾಳೆ ಅಂದ್ಬಿಡು. ಸೂತಕ ಇಲ್ಲ, ಗುಡಿಗೂ ದೋಷ ಇಲ್ಲ. ನಿನ್ನಂಥ ಕಂಠ ನಮಗೂ ಬೇಕು." ಒಳ್ಳೆಯ ಮನುಷ್ಯ. ಅವರಿಗೆ ತಮ್ಮ ಗುಡಿಯನ್ನೂ ಅವಳನ್ನೂ ಒಟ್ಟಿಗೆ ಉಳಿಸಿಕೊಳ್ಳಬೇಕಿತ್ತು. ನಾನು ಅವಳ ಸೆರಗಿನ ತುದಿ ಹಿಡಿದು ಜಗ್ಗಿದೆ, ಹೂಂ ಅನ್ನು ಎಂದು.

ಯಜಮಾನರು ಜೋರು ಮಾಡಲಿಲ್ಲ. ತೀರಿಕೊಂಡವರು ನಿನಗೇನಾಗಬೇಕು, ಅಷ್ಟು ಹೇಳು ಎಂದರು. ಅಲ್ಲ ಎಂದು ನಾನೇ ಹೇಳಿಬಿಡಲು ಬಾಯಿ ತೆರೆದೆ. ದನಿಯೇ ಹೊರಡಲಿಲ್ಲ.

"ನಮ್ಮಪ್ಪ" ಎಂದಳು ಅವಳು. "ಗೊತ್ತಿದ್ದೂ ಹಾಡ್ಬಿಟ್ಟೆ. ತಪ್ಪಾಯ್ತು."

ಯಾರೂ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತೇನೋ. ಅರ್ಚಕರು ಮುಖ ತಿರುಗಿಸಿಕೊಂಡರು. ಯಜಮಾನರು, ಗುಡಿ ಶುದ್ಧಿ ಮಾಡಿಸುತ್ತೇವೆ, ನೀನು ಬಾವಿಯ ಹತ್ತಿರ ತಲೆಗೆ ನೀರು ಹಾಕಿಕೊಂಡು ಹೊರಗಿನಿಂದಲೇ ಅಡ್ಡಬಿದ್ದು ಹೋಗು, ಇನ್ನು ಈ ಕಡೆ ಕಥೆಗೆ ಬರಬೇಡ, ಬೇರೆ ಊರಿನವರಿಗೂ ಹೇಳಬೇಕಾಗುತ್ತದೆ ಎಂದರು. ಅವಳು ಆಗಲಿ ಎಂದು ತಲೆಯಾಡಿಸಿದಳು. ಎಲ್ಲ ಅಷ್ಟು ಬೇಗ ಮುಗಿಯಿತು.

ಬಾವಿಯ ಹತ್ತಿರ ಹೆಂಗಸರು ನೀರು ಸೇದಿ ಅವಳ ತಲೆಯ ಮೇಲೆ ಹೊಯ್ದರು. ಅವಳು ಕಲ್ಲಿನ ಮೇಲೆ ಮೊಣಕಾಲು ಅಪ್ಪಿ ಕೂತಿದ್ದಳು. ಅದೇ ಅಜ್ಜಿ ಅವಳ ಬೆನ್ನು ಸವರಿ "ಅಳಮ್ಮ, ಅಪ್ಪನ್ನ ಕಳ್ಕೊಂಡು ಅಳ್ದೆ ಹಾಡ್ದಲ್ಲ, ಈಗ್ಲಾದ್ರೂ ಅತ್ಬಿಡು" ಎಂದಾಗ ಅವಳ ಗಂಟಲಿಂದ ಒಂದು ಸದ್ದು ಬಂತು. ಅಷ್ಟು ವರ್ಷ ಅವಳ ದನಿಗೆ ಶ್ರುತಿ ಹಿಡಿದವಳು ನಾನು, ಅಂಥದ್ದನ್ನು ಎಂದೂ ಕೇಳಿರಲಿಲ್ಲ. ನೋಡೇ ಇರದ ನನ್ನ ಅಪ್ಪನನ್ನು ಅಪ್ಪಾ ಅಪ್ಪಾ ಎಂದು ಕರೆದು ಅತ್ತಳು. ಅವಳು ಯಾವುದನ್ನು ಕಳೆದುಕೊಂಡು ಅಳುತ್ತಿದ್ದಾಳೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನಾನು ಹೋಗಿ ಅವಳನ್ನು ಅಪ್ಪಿಕೊಂಡೆ. ಬಿಸಿಲಿನಲ್ಲಿ, ಊರಿನ ಎದುರಿಗೆ, ಎರಡೂ ಕೈಯಲ್ಲಿ. ಒದ್ದೆ ತಲೆಯನ್ನು ಎದೆಗೊತ್ತಿಕೊಂಡು ಅವಳ ನೆತ್ತಿಗೆ ಮುಖವಿಟ್ಟೆ. ಹಾಗೆ ಮಾಡುವಾಗಲೂ ಯಾರು ನೋಡುತ್ತಿದ್ದಾರೆಂದು ನನ್ನ ಕಣ್ಣು ಹುಡುಕುತ್ತಿತ್ತು. ಎಲ್ಲರೂ ನೋಡುತ್ತಿದ್ದರು. ಒಬ್ಬರಿಗೂ ಅದು ತಪ್ಪೆನಿಸಲಿಲ್ಲ. ಒಂದಿಬ್ಬರು ಕಣ್ಣೊರೆಸಿಕೊಂಡರು. ಅಜ್ಜಿ ಕೊಡ ಕೆಳಗಿಟ್ಟು ಉಳಿದವರನ್ನು ದೂರ ಸರಿಸಿದರು.

"ಬನ್ರೇ, ಅಕ್ಕತಂಗೀರು ಅತ್ಕೊಳ್ಲಿ."